ಸೂರ್ಯನ ಕಲೆಗಳೂ ನಮ್ಮ ನಾಡಿನ ಬರವೂ

ಮಳೆಗಾಗಿ ಆಕಾಶ ನೋಡುವುದು ನಮ್ಮ ಭಾಗದ ಜನರಿಗೆ ಹೊಸದಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳಲ್ಲಿ ಜೋಳ, ಸಜ್ಜೆ, ಶೇಂಗಾ ಬಿತ್ತುವ ರೈತನ ಬದುಕು ಮೋಡದ ಮೇಲೆ ನಿಂತಿದೆ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಹಿಂದೆ ಬಿಟ್ಟು, ಮಕ್ಕಳನ್ನು ಎತ್ತಿಕೊಂಡು ಗುಳೆ ಹೋಗುವ ಕುಟುಂಬಗಳನ್ನು ನಾವೆಲ್ಲ ಬಲ್ಲೆವು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಹೊರಬೀಳುವ ಕಾರಣಿಕದ ನುಡಿಗಾಗಿ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುವುದರ ಹಿಂದೆಯೂ ಇದೇ ಆತಂಕವಿದೆ. ಈ ವರ್ಷ ಮಳೆ ಬಂದೀತೇ? ಮಕ್ಕಳಿಗೆ ಅನ್ನ ಸಿಕ್ಕೀತೇ?

ಈ ಪ್ರಶ್ನೆಗೆ ಸೂರ್ಯನ ಮುಖದ ಮೇಲೆಯೇ ಉತ್ತರ ಬರೆದಿದೆಯೇನೋ ಎಂದು ಹುಡುಕಿದ ಪ್ರಸಿದ್ಧ ವಿಜ್ಞಾನಿಯೊಬ್ಬರು ಇದ್ದರು. ಅವರೇ ಸರ್ ಜೋಸೆಫ್ ನಾರ್ಮನ್ ಲಾಕಿಯರ್. ಅವರು ಸಂತರಲ್ಲ, ಧರ್ಮಬೋಧಕರೂ ಅಲ್ಲ. ಆದರೂ ಅವರ ಬಾಳಿನಲ್ಲಿ ನಮ್ಮ ಕುಟುಂಬಗಳು ಧ್ಯಾನಿಸಬೇಕಾದ ಪಾಠವೊಂದಿದೆ.

ಹಿತ್ತಲಿನ ದೂರದರ್ಶಕ

ಲಾಕಿಯರ್ ಹುಟ್ಟಿದ್ದು 1836ರ ಮೇ 17ರಂದು, ಇಂಗ್ಲೆಂಡಿನ ರಗ್ಬಿ ಎಂಬ ಊರಿನಲ್ಲಿ. ತಂದೆ ವೈದ್ಯವೃತ್ತಿಯವರು, ವಿಜ್ಞಾನದಲ್ಲಿ ಬಹಳ ಆಸಕ್ತಿಯುಳ್ಳವರು. ತಾಯಿ ಮಗನ ಬಾಲ್ಯದಲ್ಲೇ ತೀರಿಕೊಂಡರು. ವಿಶ್ವವಿದ್ಯಾನಿಲಯದ ಪದವಿ ಪಡೆಯುವ ಅವಕಾಶ ಹುಡುಗನಿಗೆ ಒದಗಲಿಲ್ಲ. 1857ರಲ್ಲಿ ಲಂಡನ್ನಿನ ಯುದ್ಧ ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿದರು. ಮರುವರ್ಷ ವಿನಿಫ್ರೆಡ್ ಜೇಮ್ಸ್ ಎಂಬ ಕನ್ಯೆಯನ್ನು ಮದುವೆಯಾದರು. ಏಳು ಗಂಡು, ಎರಡು ಹೆಣ್ಣು, ಒಟ್ಟು ಒಂಬತ್ತು ಮಕ್ಕಳ ದೊಡ್ಡ ಸಂಸಾರ ಅವರದಾಯಿತು.

ಹಗಲೆಲ್ಲ ಕಚೇರಿಯ ಕಡತ, ಸಂಜೆ ಮನೆತುಂಬ ಮಕ್ಕಳು. ಇಂಥ ಗೃಹಸ್ಥನಿಗೆ ಖಗೋಳ ವಿಜ್ಞಾನದ ಗೀಳು ಹಿಡಿದದ್ದು ವಿಂಬಲ್ಡನ್ನಿನಲ್ಲಿ ವಾಸವಾಗಿದ್ದಾಗ, ನೆರೆಹೊರೆಯ ಸ್ನೇಹಿತರಿಂದ. ಮೊದಲು ಒಂದು ಸಣ್ಣ ದೂರದರ್ಶಕ ಕೊಂಡರು. ಬಳಿಕ ಆರೂಕಾಲು ಅಂಗುಲ ಅಗಲದ ಮಸೂರವುಳ್ಳ ಇನ್ನೊಂದು ಬಂತು. ಮುಂದೆ ವೆಸ್ಟ್ ಹ್ಯಾಂಪ್‌ಸ್ಟೆಡ್‌ಗೆ ಮನೆ ಬದಲಿಸಿದಾಗ ಅದನ್ನೂ ಜೊತೆಗೆ ಒಯ್ದು ಹಿತ್ತಲಿನಲ್ಲಿ ನಿಲ್ಲಿಸಿದರು. ಪತ್ನಿ ವಿನಿಫ್ರೆಡ್ ಬರೀ ಸಹಿಸಿಕೊಂಡವರಲ್ಲ. ಫ್ರೆಂಚ್ ಭಾಷೆ ಬಲ್ಲ ಆಕೆ ಗಿಯ್ಯೆಮಿನ್ ಎಂಬ ಫ್ರೆಂಚ್ ಲೇಖಕನ ವಿಜ್ಞಾನ ಗ್ರಂಥಗಳನ್ನು ಇಂಗ್ಲಿಷಿಗೆ ತಂದರು. ದಂಪತಿಗಳಿಬ್ಬರೂ ಒಂದೇ ನೊಗಕ್ಕೆ ಹೆಗಲು ಕೊಟ್ಟರು.

ಸೂರ್ಯನಲ್ಲಿ ಕಲೆಗಳಿವೆ ಎಂಬುದೇ ಒಂದು ಕಾಲದಲ್ಲಿ ನಂಬಲಾಗದ ಮಾತಾಗಿತ್ತು. ಆಕಾಶಕಾಯಗಳು ಕಳಂಕರಹಿತ ಎಂದು ಅರಿಸ್ಟಾಟಲನ ತತ್ವಶಾಸ್ತ್ರ ಕಲಿಸಿತ್ತು. 1611ರಲ್ಲಿ ಯೇಸುಸಭೆಯ ಗುರು ಕ್ರಿಸ್ಟೋಫ್ ಶೈನರ್ ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ದೂರದರ್ಶಕದ ಮೂಲಕ ಈ ಕಪ್ಪು ಚುಕ್ಕೆಗಳನ್ನು ಕಂಡಾಗ, ಇವು ಸೂರ್ಯನನ್ನು ಸುತ್ತುವ ಚಿಕ್ಕ ಗ್ರಹಗಳಿರಬೇಕು ಎಂದು ಭಾವಿಸಿದರು. ಗೆಲಿಲಿಯೋ ಇದನ್ನು ಒಪ್ಪಲಿಲ್ಲ. ವರ್ಷಗಟ್ಟಲೆ ನೋಡಿ, ಚಿತ್ರ ಬರೆದ ಮೇಲೆ ಶೈನರ್ ಗುರುಗಳೇ ತಮ್ಮ ಮಹಾಗ್ರಂಥ ರೋಸಾ ಉರ್ಸಿನಾದಲ್ಲಿ ಕಲೆಗಳು ಸೂರ್ಯನ ಮೇಲೆಯೇ ಇವೆ ಎಂದು ಒಪ್ಪಿಕೊಂಡರು. ಜರ್ಮನಿಯ ಡೆಸಾವ್ ಪಟ್ಟಣದಲ್ಲಿ ಔಷಧ ವ್ಯಾಪಾರಿಯಾಗಿದ್ದ ಶ್ವಾಬೆ ಎಂಬ ಹವ್ಯಾಸಿ 1826ರಿಂದ ಬಿಸಿಲಿದ್ದ ದಿನವೆಲ್ಲ ಕಲೆಗಳನ್ನು ಎಣಿಸಿದರು. ಅವು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಿ ಮತ್ತೆ ಕುಗ್ಗುತ್ತವೆ ಎಂದು 1843ರಲ್ಲಿ ಲೋಕಕ್ಕೆ ತಿಳಿಸಿದರು. ಈ ಆವರ್ತ ಸರಾಸರಿ ಹನ್ನೊಂದು ವರ್ಷದ್ದು ಎಂದು ಆಮೇಲೆ ಗೊತ್ತಾಯಿತು. 1845ರಲ್ಲಿ ಫಿಜೋ ಮತ್ತು ಫೂಕೋ ಎಂಬ ಇಬ್ಬರು ಪ್ಯಾರಿಸ್‌ನಲ್ಲಿ ಸೂರ್ಯನ ಛಾಯಾಚಿತ್ರ ತೆಗೆದರು. ಅದರಲ್ಲಿ ಕಲೆಗಳೂ ಮೂಡಿದ್ದವು. ಅಂದಿನಿಂದ ಕಣ್ಣಿನ ಸಾಕ್ಷ್ಯಕ್ಕೆ ಫಲಕದ ಸಾಕ್ಷ್ಯ ಜೊತೆಯಾಯಿತು. ಚಿತ್ರ ಬರೆಯುವವನ ಕೈ ತನಗೆ ಬೇಕಾದದ್ದನ್ನು ಸೇರಿಸಬಹುದು. ಆದರೆ ಇಂದು ತೆಗೆದ ಫಲಕವನ್ನು ನಾಳೆ ಇನ್ನೊಬ್ಬರು ಪರೀಕ್ಷಿಸಬಹುದು.

1866ರಲ್ಲಿ ಲಾಕಿಯರ್ ಹಿತ್ತಲಿನ ದೂರದರ್ಶಕಕ್ಕೆ ರೋಹಿತದರ್ಶಕವನ್ನು ಜೋಡಿಸಿ ಒಂದು ಕಲೆಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. ಕಲೆ ಕಪ್ಪಾಗಿ ಕಾಣುವುದು ಅಲ್ಲಿಯ ಅನಿಲ ಸುತ್ತಲಿಗಿಂತ ತಣ್ಣಗಿರುವುದರಿಂದ ಎಂಬ ತೀರ್ಮಾನಕ್ಕೆ ಬಂದರು. ಅದು ಸರಿಯಾದ ದಾರಿಯೇ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಕಲೆಯ ನಡುಭಾಗ ಅದಕ್ಕಿಂತ ಸಾವಿರಾರು ಡಿಗ್ರಿ ತಣ್ಣಗಿರುತ್ತದೆ.

ಹಂಚಿಕೊಂಡ ಕೀರ್ತಿ

1868ರ ಆಗಸ್ಟ್ 18ರಂದು ಭಾರತದಲ್ಲಿ ಪೂರ್ಣ ಸೂರ್ಯಗ್ರಹಣವಾಯಿತು. ನಮ್ಮ ಕರ್ನಾಟಕದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಆಂಧ್ರದ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅದನ್ನು ವೀಕ್ಷಿಸಿದರು. ಸೂರ್ಯನ ಅಂಚಿನಿಂದ ಮೇಲೇಳುವ ಕೆಂಪು ಜ್ವಾಲೆಗಳು ಉರಿಯುವ ಅನಿಲಗಳೇ ಎಂದು ತಿಳಿಯಿತು. ಆ ಜ್ವಾಲೆಗಳನ್ನು ಗ್ರಹಣವಿಲ್ಲದ ದಿನವೂ ಕಾಣಬಹುದೆಂದು ಜಾನ್ಸೆನ್ ಮಾರನೆಯ ದಿನವೇ ಕಂಡುಕೊಂಡರು. ಲಾಕಿಯರ್ ಆಗ ಭಾರತದಲ್ಲಿರಲಿಲ್ಲ. ಮಹಾರಾಷ್ಟ್ರದ ವಿಜಯದುರ್ಗ ಕೋಟೆಯಲ್ಲಿದ್ದರೆಂದು ಹೇಳುವ ರೂಢಿಯಿದೆ; ಅದು ನಿಜವಲ್ಲ. ಅವರಿದ್ದದ್ದು ತಮ್ಮ ಊರಿನಲ್ಲೇ. ಬಹುಕಾಲ ಕಾದಿದ್ದ ಹೊಸ ರೋಹಿತದರ್ಶಕ ಅಕ್ಟೋಬರ್‌ನಲ್ಲಿ ಕೈಸೇರಿತು. ಅದೇ ತಿಂಗಳ 20ರಂದು, ಜಾನ್ಸೆನ್ನರ ಸಂಗತಿ ತಿಳಿಯದೆಯೇ, ಲಾಕಿಯರ್ ಕೂಡ ಗ್ರಹಣವಿಲ್ಲದೆ ಆ ಜ್ವಾಲೆಗಳನ್ನು ಗುರುತಿಸಿದರು.

ಇಬ್ಬರ ಪತ್ರಗಳೂ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ಒಂದೇ ದಿನ ತಲುಪಿದವು! ಯಾರು ಮೊದಲು, ಯಾರು ಆಮೇಲೆ ಎಂಬ ಜಗಳಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಆದರೆ ಜಗಳವಾಗಲಿಲ್ಲ. ಫ್ರಾನ್ಸ್ ಸರ್ಕಾರ 1872ರಲ್ಲಿ ಇಬ್ಬರ ಮುಖವನ್ನೂ ಒಂದೇ ಪದಕದಲ್ಲಿ ಅಚ್ಚೊತ್ತಿತು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಕೋರ್ಟು ಅಲೆಯುವ ನಮ್ಮ ಊರುಗಳಲ್ಲಿ ಈ ಪದಕವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಆ ಬೆಳಕಿನಲ್ಲಿದ್ದ ಒಂದು ಹಳದಿ ಗೆರೆ ಭೂಮಿಯ ಮೇಲೆ ಆಗ ತಿಳಿದಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ಇದು ಹೊಸ ಧಾತುವೇ ಇರಬೇಕೆಂದು ಲಾಕಿಯರ್ ಭಾವಿಸಿದರು. ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ಹೆಸರು ಬಂತು. ಹಲವರು ಸಂಶಯಪಟ್ಟರು, ಕೆಲವರು ನಕ್ಕರು. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜದಿಂದ ಅದೇ ಅನಿಲವನ್ನು ಹೊರತೆಗೆದರು. ಇಪ್ಪತ್ತೇಳು ವರ್ಷಗಳ ಬಳಿಕ ಲಾಕಿಯರ್ ಅವರ ಮಾತು ನಿಂತಿತು. ದೊಡ್ಡ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳನ್ನು ಇಂದು ತಣ್ಣಗಿಡುವುದು ಇದೇ ಹೀಲಿಯಂ.

ಬೇಕಲ ಕೋಟೆಯಲ್ಲಿ

ಇಷ್ಟೆಲ್ಲ ಆದರೂ ಪೂರ್ಣಗ್ರಹಣವನ್ನು ಕಣ್ಣಾರೆ ಕಾಣುವ ಭಾಗ್ಯ ಲಾಕಿಯರ್ ಅವರಿಗೆ ಇನ್ನೂ ಬಂದಿರಲಿಲ್ಲ. 1870ರ ಡಿಸೆಂಬರ್‌ನಲ್ಲಿ ಗ್ರಹಣ ನೋಡಲು ಸಿಸಿಲಿಗೆ ಹೊರಟರು. ಅವರಿದ್ದ ಹಡಗು ಬಂಡೆಗೆ ಬಡಿಯಿತು. ಜೀವ ಉಳಿಸಿಕೊಂಡು ದಡ ಸೇರಿದರೆ ಗ್ರಹಣದ ಹೊತ್ತಿಗೆ ಮೋಡ ಕವಿಯಿತು. ಕಂಡದ್ದು ಒಂದೆರಡು ಕ್ಷಣ ಮಾತ್ರ.

ಮರುವರ್ಷ ಮತ್ತೆ ಹೊರಟು ಅವರು ಬಂದದ್ದು ನಮ್ಮ ಕರಾವಳಿಗೆ. ಕಾಸರಗೋಡು ಸೀಮೆಯ ಬೇಕಲ ಕೋಟೆ ಇಕ್ಕೇರಿ ನಾಯಕರ ಕಾಲದ್ದು. ಆಗ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ನಮ್ಮ ಬಳ್ಳಾರಿ ಜಿಲ್ಲೆಯೂ ಅದೇ ಪ್ರಾಂತ್ಯದಲ್ಲಿತ್ತು. 1871ರ ಡಿಸೆಂಬರ್ 12ರ ಬೆಳಿಗ್ಗೆ ಆ ಕೋಟೆಯ ಮೇಲೆ ಆಕಾಶ ತಿಳಿಯಾಗಿತ್ತು. ಸುಮಾರು ಎರಡು ನಿಮಿಷ ಹಗಲು ಇರುಳಾಯಿತು. ತಂಡದ ಛಾಯಾಗ್ರಾಹಕ ಡೇವಿಸ್ ಕೆಲವೇ ಫಲಕಗಳಲ್ಲಿ ಸೂರ್ಯನ ಸುತ್ತಲಿನ ಪ್ರಭಾವಲಯವನ್ನು ಸೆರೆಹಿಡಿದರು. ಲಾಕಿಯರ್ ಅಶ್ರಗದ ಮೂಲಕ ನೋಡಿದಾಗ ಆ ಪ್ರಭೆ ಬಣ್ಣಬಣ್ಣದ ಉಂಗುರಗಳಾಗಿ ಕಂಡಿತು. ಅದೇ ದಿನ ಪುದುಕೋಟೆಯಲ್ಲಿ ರೋಮ್ ನಗರದ ರೆಸ್ಪಿಘಿ ಎಂಬ ಖಗೋಳಜ್ಞರೂ ಅಂಥ ಉಂಗುರಗಳನ್ನೇ ಕಂಡರು. ಪ್ರಭಾವಲಯ ನಿಜವಾಗಿ ಸೂರ್ಯನದೇ, ನಮ್ಮ ಗಾಳಿಯ ಭ್ರಮೆಯಲ್ಲ ಎಂಬ ಮಾತಿಗೆ ಅಂದಿನ ವೀಕ್ಷಣೆಗಳು ಬಲ ತಂದವು.

ಗ್ರಹಣವೆಂದರೆ ನಮ್ಮಲ್ಲಿ ಇನ್ನೂ ಭಯ. ಗರ್ಭಿಣಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸುವವರೂ, ನೀರಿನ ತಟ್ಟೆಯಲ್ಲಿ ಒನಕೆ ನಿಲ್ಲಿಸಿ ನೋಡುವವರೂ ಇದ್ದಾರೆ. ಸೃಷ್ಟಿಕರ್ತನನ್ನು ತಂದೆಯೆಂದು ಕರೆಯುವ ನಾವು ಅವನ ಸೃಷ್ಟಿಗೆ ಹೆದರಬೇಕಾಗಿಲ್ಲ. ಕಲ್ಕತ್ತದ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಯೇಸುಸಭೆಯ ಫಾದರ್ ಲಫೋಂ ಸೂರ್ಯನನ್ನು ನೋಡಲೆಂದೇ 1875ರಲ್ಲಿ ವೀಕ್ಷಣಾಲಯ ಕಟ್ಟಿಸಿದರು. ಬೆಳಗಿನ ಬಲಿಪೂಜೆಗೂ ಹಗಲಿನ ವೀಕ್ಷಣೆಗೂ ನಡುವೆ ಅವರಿಗೆ ಯಾವ ಗೋಡೆಯೂ ಇರಲಿಲ್ಲ.

ಧಾತು–ಈಶ್ವರ ಬರ

ಈ ಹೊತ್ತಿಗೆ ಲಾಕಿಯರ್ ಅವರ ಮನಸ್ಸನ್ನು ಹೊಸ ವಿಚಾರವೊಂದು ಹಿಡಿದಿತ್ತು. ಸೂರ್ಯನ ಕಲೆಗಳಿಗೆ ಆವರ್ತವಿದ್ದರೆ, ಸೂರ್ಯನಿಂದಲೇ ನಡೆಯುವ ಮಳೆಗೂ ಅದೇ ಆವರ್ತ ಇರಬಾರದೇಕೆ? 1869ರಲ್ಲಿ ತಾವೇ ಆರಂಭಿಸಿದ್ದ ನೇಚರ್ ಎಂಬ ವಾರಪತ್ರಿಕೆಯಲ್ಲಿ 1872ರಿಂದಲೇ ಈ ವಿಚಾರವನ್ನು ಮುಂದಿಟ್ಟರು.

ಅಷ್ಟರಲ್ಲಿ 1876ರ ಮಳೆ ಕೈಕೊಟ್ಟಿತು. 1877ರ ಮುಂಗಾರೂ ಕೈಕೊಟ್ಟಿತು. ಆ ಎರಡು ಸಂವತ್ಸರಗಳ ಹೆಸರಿನಿಂದ ಹಿರಿಯರು ಅದನ್ನು ಧಾತು–ಈಶ್ವರ ಬರ ಎಂದು ಕರೆದರು. ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೆಲ್ಲ ಆಗ ಆ ಜಿಲ್ಲೆಯೊಳಗಿದ್ದವು. 1871ರ ಜನಗಣತಿಯನ್ನೂ 1881ರ ಜನಗಣತಿಯನ್ನೂ ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಇಳಿದದ್ದು ಕಾಣುತ್ತದೆ. ಸತ್ತವರು, ಊರು ಬಿಟ್ಟವರು, ಹುಟ್ಟದೆ ಹೋದ ಕೂಸುಗಳು ಎಲ್ಲರೂ ಆ ಒಂದು ಅಂಕಿಯೊಳಗೆ ಇದ್ದಾರೆ. ನಮ್ಮ ಇಂದಿನ ಕುಟುಂಬಗಳೆಲ್ಲ ಆ ಬರದಿಂದ ಉಳಿದವರ ಸಂತತಿ.

1877ರಲ್ಲಿ ಲಾಕಿಯರ್, ಭಾರತ ಸರ್ಕಾರದ ಅಂಕಿಅಂಶ ಅಧಿಕಾರಿ ವಿಲಿಯಂ ಹಂಟರ್ ಅವರೊಡನೆ ಸೇರಿ, ಸೂರ್ಯಕಲೆಗಳು ಮತ್ತು ಬರಗಳ ಬಗ್ಗೆ ದೊಡ್ಡ ಲೇಖನವನ್ನು ಪ್ರಕಟಿಸಿದರು. ಕಲೆಗಳು ಕಡಿಮೆಯಾದ ವರ್ಷಗಳಲ್ಲಿ ಮದರಾಸಿನ ಮಳೆಯೂ ಕಡಿಮೆಯಾಗುತ್ತದೆ, ಆದ್ದರಿಂದ ಬರವನ್ನು ಮುಂಚಿತವಾಗಿ ಅರಿಯಬಹುದು ಎಂಬುದು ಅವರ ವಾದ. ಅವರ ಆಶಯ ಒಳ್ಳೆಯದೇ. ಪವಿತ್ರ ಗ್ರಂಥದ ಜೋಸೆಫನು ಫರೋಹನ ಕನಸನ್ನು ಬಿಡಿಸಿ ಏಳು ವರ್ಷದ ಬರವನ್ನು ಮೊದಲೇ ಹೇಳಿದಂತೆ, ಅದೇ ಹೆಸರಿನ ಈ ವಿಜ್ಞಾನಿಯೂ ಸೂರ್ಯನ ಮುಖ ಓದಿ ಬರವನ್ನು ಮೊದಲೇ ಹೇಳಬಯಸಿದರು. ಅವರ ಒತ್ತಾಯದ ಫಲವಾಗಿ 1878ರಿಂದ ಡೆಹ್ರಾಡೂನಿನಲ್ಲಿ ಬಿಸಿಲಿದ್ದ ದಿನವೆಲ್ಲ ಸೂರ್ಯನ ಛಾಯಾಚಿತ್ರ ತೆಗೆದು ಲಂಡನ್ನಿಗೆ ಕಳಿಸುವ ಏರ್ಪಾಡಾಯಿತು.

ನಿಲ್ಲದ ಉತ್ತರ, ಉಳಿದ ಸೇವೆ

ಆದರೆ ಆ ವಾದ ನಿಲ್ಲಲಿಲ್ಲ. ಜನರಲ್ ರಿಚರ್ಡ್ ಸ್ಟ್ರೇಚಿ ಅದೇ ವರ್ಷ ಮದರಾಸಿನ ಮಳೆಯ ಲೆಕ್ಕವನ್ನು ಮತ್ತೆ ಪರಿಶೀಲಿಸಿ, ಕಲೆಗಳಿಗೂ ಮಳೆಗೂ ಹೇಳಿದಂಥ ಸಂಬಂಧ ಕಾಣುತ್ತಿಲ್ಲವೆಂದು ತೋರಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಕೂಡ ಈ ಸಂಬಂಧವನ್ನು ಅಳೆದು ನೋಡಿದರು. ಅದು ತೀರ ದುರ್ಬಲವೆಂದು ಕಂಡಿತು. ಆ ಶೋಧನೆಯನ್ನು ಮುಂದುವರಿಸಿದಾಗಲೇ ಶಾಂತಸಾಗರದ ಎರಡು ಬದಿಗಳ ವಾಯುಭಾರ ತಕ್ಕಡಿಯಂತೆ ಏರಿಳಿಯುವುದು ಅವರ ಗಮನಕ್ಕೆ ಬಂತು. ಇಂದು ಮುಂಗಾರಿನ ಮುನ್ಸೂಚನೆಯಲ್ಲಿ ಕೇಳಿಬರುವ ಎಲ್ ನಿನೊ ಇದಕ್ಕೆ ಸೇರಿದ್ದು. 1877ರಲ್ಲಿ ಅತಿ ಪ್ರಬಲ ಎಲ್ ನಿನೊ ಇತ್ತೆಂದು ಈಗ ತಿಳಿದಿದೆ.

ಇನ್ನೂ ಒಂದು ಸತ್ಯ ಉಳಿದಿದೆ. ಮಳೆ ಹೋದದ್ದು ಆಕಾಶದಿಂದ. ಜನ ಸತ್ತದ್ದು ಅದೊಂದರಿಂದಲೇ ಅಲ್ಲ. ವ್ಯಾಪಾರಿಗಳ ಉಗ್ರಾಣಗಳಲ್ಲಿ ಧಾನ್ಯವಿತ್ತು, ರೈಲಿನಲ್ಲಿ ಸಾಗುತ್ತಿತ್ತು, ಹಡಗಿನಲ್ಲಿ ಹೊರದೇಶಕ್ಕೂ ಹೋಗುತ್ತಿತ್ತು. ಬಡವನ ಕೈಗೆ ಮಾತ್ರ ಬೆಲೆ ಎಟುಕಲಿಲ್ಲ. ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಆಳಿನ ಕೂಲಿಯನ್ನು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗಿಂತಲೂ ಕಡಿಮೆ, ಮತ್ತು ಪುಡಿಕಾಸಿಗೆ ಇಳಿಸಿದರು. ಅಷ್ಟು ತಿಂದು ಮನುಷ್ಯ ದುಡಿಯಲಾರನೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದರು. ಕೆಲವು ತಿಂಗಳ ಬಳಿಕ ಕೂಲಿ ಹೆಚ್ಚಿತು. ಮುಂದೆ ಬರ ಪರಿಶೀಲನೆಗೆ ನೇಮಕವಾದ ಆಯೋಗಕ್ಕೆ ಅಧ್ಯಕ್ಷರಾದವರು ಅದೇ ಸ್ಟ್ರೇಚಿ. ಹಸಿದವನಿಗೆ ಸಕಾಲದಲ್ಲಿ ಕೆಲಸ, ನಿಶ್ಶಕ್ತನಿಗೆ ಅನ್ನ, ಹೊಲಕ್ಕೆ ನೀರಾವರಿ ಇವೇ ಪರಿಹಾರವೆಂದು 1880ರ ಆ ವರದಿ ಹೇಳಿತು. ಉತ್ತರ ಸೂರ್ಯನಲ್ಲಿರಲಿಲ್ಲ, ಈ ನೆಲದ ಮೇಲೆಯೇ ಇತ್ತು.

ಈಜಿಪ್ಟಿನ ಜೋಸೆಫನನ್ನು ನಾವು ಸ್ಮರಿಸುವುದು ಬರವನ್ನು ಮೊದಲೇ ಹೇಳಿದ್ದಕ್ಕಷ್ಟೇ ಅಲ್ಲ. ಬರ ಬಂದಾಗ ಅವನು ಕಣಜದ ಬಾಗಿಲು ತೆರೆದ. ತನ್ನನ್ನು ಮಾರಿದ ಅಣ್ಣಂದಿರಿಗೂ ಅಳೆದು ಕೊಟ್ಟ. 1877ರಲ್ಲಿ ಮುನ್ಸೂಚನೆಗಿಂತ ಹೆಚ್ಚಾಗಿ ಇಲ್ಲದೆ ಹೋದದ್ದು ಆ ತೆರೆದ ಬಾಗಿಲು.

ಹಾಗಾದರೆ ಲಾಕಿಯರ್ ಅವರ ಶ್ರಮ ವ್ಯರ್ಥವಾಯಿತೇ? ಇಲ್ಲ. ಅವರು ಹಟವಾದಿ, ಬೇಗ ವಾದಕ್ಕಿಳಿಯುವವರು. ಆದರೆ ತಮ್ಮ ಮಾತನ್ನು ಕುರುಡಾಗಿ ನಂಬಿರೆಂದು ಹೇಳಲಿಲ್ಲ. ದಿನದಿನದ ಸಾಕ್ಷ್ಯವನ್ನು ಫಲಕಗಳಲ್ಲಿ ಕೂಡಿಡುವ ಏರ್ಪಾಡು ಮಾಡಿಸಿದರು. ಸೂರ್ಯನನ್ನು ಅರಿತರೆ ಮಳೆಯನ್ನು ಅರಿಯಬಹುದೆಂಬ ಆ ಕಾಲದ ನಿರೀಕ್ಷೆಯೇ 1899ರಲ್ಲಿ ಕೊಡೈಕನಾಲಿನ ಸೌರ ವೀಕ್ಷಣಾಲಯಕ್ಕೂ ದಾರಿಮಾಡಿತು. ಅಲ್ಲಿ 1904ರಿಂದ ತೆಗೆದ ಸೂರ್ಯನ ಛಾಯಾಚಿತ್ರಗಳ ಸಂಗ್ರಹ ಒಂದು ಶತಮಾನಕ್ಕೂ ಮಿಕ್ಕಿದ್ದು. ಅದನ್ನು ಕಾಯ್ದುಕೊಂಡಿರುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್1 ನೌಕೆಯಲ್ಲಿ, ಗ್ರಹಣಕ್ಕೆ ಕಾಯದೆ ಪ್ರಭಾವಲಯವನ್ನು ನೋಡುವ ಉಪಕರಣವನ್ನು ಕಟ್ಟಿದ್ದೂ ಅದೇ ಸಂಸ್ಥೆ. ಬೇಕಲದಲ್ಲಿ ಎರಡು ನಿಮಿಷ ಕಂಡದ್ದನ್ನು ಈಗ ದಿನವೂ ಕಾಣಬಹುದಾಗಿದೆ.

ಪತ್ನಿ ವಿನಿಫ್ರೆಡ್ 1879ರಲ್ಲಿ ತೀರಿಕೊಂಡರು. 1897ರಲ್ಲಿ ಸರ್ ಪದವಿ ಬಂತು. 1903ರಲ್ಲಿ ಲಾಕಿಯರ್ ಮೇರಿ ಎಂಬ ವಿಧವೆಯನ್ನು ಮದುವೆಯಾದರು. ಇಳಿವಯಸ್ಸಿನಲ್ಲಿ ಸಿಡ್ಮತ್ ಬಳಿ ಹೊಸ ವೀಕ್ಷಣಾಲಯ ಕಟ್ಟಿದರು. ಐವತ್ತು ವರ್ಷ ನೇಚರ್ ಪತ್ರಿಕೆಯನ್ನು ನಡೆಸಿ, 1920ರ ಆಗಸ್ಟ್ 16ರಂದು ಕಣ್ಣು ಮುಚ್ಚಿದರು. ಮಗ ವಿಲಿಯಂ ತಂದೆಯ ಕೆಲಸವನ್ನು ಮುಂದುವರಿಸಿದರು.

ನಮ್ಮ ಮನೆಗಳಿಗೆ

ಪ್ರಿಯ ಓದುಗರೇ, ಬರ ಬಂದಾಗ, ಮನೆಯಲ್ಲಿ ರೋಗ ಬಂದಾಗ, ಇದು ಯಾವ ಪಾಪದ ಫಲ ಎಂದು ಕೇಳುವುದು ನಮ್ಮ ರೂಢಿ. ಹುಟ್ಟುಕುರುಡನನ್ನು ಕಂಡು ಶಿಷ್ಯರೂ ಹೀಗೆಯೇ ಕೇಳಿದರು. ಯೇಸುಸ್ವಾಮಿ ಆ ಲೆಕ್ಕಾಚಾರವನ್ನು ಒಪ್ಪಲಿಲ್ಲ. ಮಣ್ಣು ಕಲಸಿ ಕಣ್ಣಿಗೆ ಹಚ್ಚಿ ಅವನಿಗೆ ದೃಷ್ಟಿ ಕೊಟ್ಟರು. ಸಿಲೋವದ ಗೋಪುರ ಬಿದ್ದು ಸತ್ತವರು ಉಳಿದವರಿಗಿಂತ ಪಾಪಿಗಳೆಂದು ತಿಳಿಯಬಾರದೆಂದೂ ಎಚ್ಚರಿಸಿದರು. ದೇವರು ಎಲ್ಲಕ್ಕೂ ಆದಿಕಾರಣ. ಆದರೂ ಸೃಷ್ಟಿಯ ವಸ್ತುಗಳಿಗೆ ತಮ್ಮದೇ ಆದ ಕಾರಣಗಳನ್ನು ಅವನೇ ಕೊಟ್ಟಿದ್ದಾನೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಆ ಕಾರಣಗಳನ್ನು ಪ್ರಾಮಾಣಿಕವಾಗಿ ಹುಡುಕುವುದೂ ಭಕ್ತಿಯೇ. ಸಿಕ್ಕದಿದ್ದಾಗ ಹಸಿದ ನೆರೆಯವನ ಮುಂದೆ ಸುಮ್ಮನೆ ಕೂರುವುದು ಭಕ್ತಿಯಲ್ಲ.

ಮಕ್ಕಳಿಗೆ ಸೂರ್ಯನ ಕಲೆಗಳನ್ನು ತೋರಿಸಬಯಸುವ ತಂದೆತಾಯಿಯರಿಗೆ ಒಂದು ಎಚ್ಚರಿಕೆ. ಬರಿಗಣ್ಣಿನಿಂದಾಗಲಿ ದೂರದರ್ಶಕದಿಂದಾಗಲಿ ಸೂರ್ಯನನ್ನು ನೇರವಾಗಿ ನೋಡಬಾರದು; ಕ್ಷಣದಲ್ಲಿ ದೃಷ್ಟಿ ಹೋದೀತು. ಸಣ್ಣ ದೂರದರ್ಶಕದ ಹಿಂದೆ ಬಿಳಿಯ ಹಾಳೆ ಹಿಡಿದು ಅದರ ಮೇಲೆ ಬಿಂಬ ಬೀಳಿಸಬೇಕು. ಶೈನರ್ ಗುರುಗಳೂ ಬಿಂಬವನ್ನು ಹಾಳೆಯ ಮೇಲೆ ಬೀಳಿಸಿಯೇ ಕಲೆಗಳ ಚಿತ್ರ ಬರೆದರು. ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತು, ದೂರದರ್ಶಕಕ್ಕೆ ಯಾರೂ ಕಣ್ಣಿಡದಂತೆ ನೋಡಿಕೊಳ್ಳಬೇಕು. ಹಾಳೆಯ ಮೇಲಿನ ಆ ಬಿಂಬದ ಫೋಟೋವನ್ನು ಯಾವ ಕ್ಯಾಮೆರಾದಲ್ಲಾದರೂ ತೆಗೆಯಬಹುದು. ದಿನಾಂಕ ಬರೆದಿಟ್ಟು ಹದಿನೈದು ದಿನ ಹೀಗೆ ಮಾಡಿದರೆ ಕಲೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುವುದನ್ನು, ಅಂದರೆ ಸೂರ್ಯನೇ ತಿರುಗುವುದನ್ನು, ಮಗು ತನ್ನ ಕೈಯಾರೆ ದಾಖಲಿಸಿದಂತಾಗುತ್ತದೆ. ನಮ್ಮ ಭಾಗದಲ್ಲಿ ಬಿಸಿಲಿಗೇನೂ ಬರವಿಲ್ಲ.

ಫೋಟೋ ತೆಗೆದಾದ ಮೇಲೆ ಅದೇ ಮಗುವಿನ ಕೈಯಲ್ಲಿ ಒಂದು ಸೇರು ಜೋಳ ಕೊಟ್ಟು, ಗುಳೆ ಹೋದವರ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೆ ತಲುಪಿಸಿ ಬರಲು ಹೇಳೋಣ. ಮಳೆ ಯಾವಾಗ ಬರುತ್ತದೆಂದು ಆ ಅಜ್ಜಿಗೆ ಹೇಳಲು ನಮ್ಮಿಂದಾಗದು. ನಮ್ಮ ಕಣಜದ ಬಾಗಿಲು ತೆರೆಯುವುದು ಮಾತ್ರ ನಮ್ಮ ಕೈಯಲ್ಲೇ ಇದೆ.